ಮೋರಿ ಮತ್ತು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು

ಗೆಳೆಯರೇ, ಹಳ್ಳದ ಮೋರಿ ಕುಸಿದಾಗ ನಾವೆಲ್ಲ ಕೆರೆ ಏರಿ ಮೇಲೆ ಸುತ್ತು ಹಾಕ್ಕೊಂಡು ಶಾಲೆಗೆ ಬಂದದ್ದು ನೆನಪಿದೆಯಲ್ಲ? ಆ ತಗಡಿನ ಕೊಳವೆ ರೊಟ್ಟಿ ಥರ ಚಪ್ಪಟೆಯಾಗಿತ್ತು. ಅದನ್ನು ನೋಡಿದ ಮೇಲೇ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯಬೇಕು ಅನ್ನಿಸಿತು.

ಅವರು ಹುಟ್ಟಿದ್ದು 1861ರಲ್ಲಿ, ನಂದಿ ಬೆಟ್ಟದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್.

1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಮೊದಮೊದಲು ಸಿಕ್ಕಿದ್ದು ಅಣೆಕಟ್ಟೆ ಅಲ್ಲ, ಖಾನ್‌ದೇಶದ ಪಾಂಜ್ರಾ ನದಿ ಕಡೆ ನೆಲದಡಿ ಕೊಳವೆ ಹೂಳುವ ಕೆಲಸ! ಕಾಲುವೆ ನೀರು ಕೊಳವೆಯಲ್ಲಿ ಕೆಳಗಿಳಿದು ಆಚೆ ದಡದಲ್ಲಿ ಮತ್ತೆ ಮೇಲೇಳಬೇಕು. ಮಳೆಗಾಲ ಬಂತು. ಮಳೆ ನಿಂತ ಮೇಲೆ ಮಾಡೋಣ ಅಂತ ಮೇಲಧಿಕಾರಿಗೆ ಬರೆದರು. ಹೊಸ ಹುಡುಗ ಎದುರಾಡುತ್ತಾನೆ ಅಂದುಕೊಂಡು ಅವರು ಸಿಟ್ಟಾದರು. ಇವರು ಮರುಮಾತಾಡದೆ ಆ ಮಳೆಯಲ್ಲೇ ಕೆಲಸ ಮುಗಿಸಿಕೊಟ್ಟರು. ಕೆ.ಆರ್.ಎಸ್., ದಿವಾನಗಿರಿ, 1955ರ ಭಾರತ ರತ್ನ ನಿಮಗೆಲ್ಲ ಗೊತ್ತೇ ಇದೆ. 1962ರಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ನಮ್ಮ ಮೋರಿಯಂಥ ಅಲೆ ಅಲೆ ತಗಡಿನ ಕೊಳವೆ ಅಮೇರಿಕದಲ್ಲಿ ಬಂದದ್ದು 1896ರಲ್ಲಿ, ಪಾಂಜ್ರಾ ಕೆಲಸವಾಗಿ 12 ವರ್ಷದ ನಂತರ. ಅಲೆ ಯಾಕೆ? ವಿಜ್ಞಾನದ ಮೇಷ್ಟ್ರು ಒಂದು ಹಾಳೆ ಎರಡು ಪುಸ್ತಕದ ಮೇಲೆ ಅಡ್ಡ ಇಟ್ಟು ಬಳಪದ ಡಬ್ಬಿ ಇಟ್ಟರು, ಹಾಳೆ ಕುಸೀತು. ಅದೇ ಹಾಳೆನ ಬೀಸಣಿಗೆ ಥರ ಮಡಚಿ ಇಟ್ಟರು, ತಡೀತು. ಆದರೆ ಹೂಳಿದ ತಗಡು ಒಂದೇ ಭಾರ ಹೊರೋದಿಲ್ಲವಂತೆ. ಮೇಲೆ ಟ್ರ್ಯಾಕ್ಟರ್ ಬಂದಾಗ ಕೊಳವೆ ಪಕ್ಕಕ್ಕೆ ಉಬ್ಬೋಕೆ ನೋಡುತ್ತೆ, ಆಗ ಅಕ್ಕಪಕ್ಕದ ಮಣ್ಣು ಅದನ್ನು ಒತ್ತಿ ಹಿಡಿಯಬೇಕು. ಅದಕ್ಕೇ ಎರಡೂ ಕಡೆ ಸಮವಾಗಿ, ತೆಳುವಾಗಿ ಮಣ್ಣು ಹಾಕಿ, ನೀರು ಚಿಮುಕಿಸಿ, ಪದರ ಪದರಕ್ಕೂ ದಿಮ್ಮಸು ಹೊಡೀಬೇಕು. ನಮ್ಮದಕ್ಕೆ ಒಂದೇ ಸಂಜೆ ಮಣ್ಣು ಸುರಿದು ಹೋಗಿದ್ದರು. ನಾನೇ ನೋಡಿದ್ದೆ, ಯಾರಿಗೂ ಹೇಳಲಿಲ್ಲ.

ನಿನ್ನೆ ಹೊಸ ಕೊಳವೆ ಇಳಿಸಿದ್ದಾರೆ. ಎಡಗಡೆ ಮೊಣಕಾಲೆತ್ತರ ಮಣ್ಣು ಬಿದ್ದಿದೆ, ಬಲಗಡೆ ಇನ್ನೂ ಖಾಲಿ. ನಾಳೆ ಪ್ರಾರ್ಥನೆಗೆ ಮುಂಚೆ ಹೋಗಿ ಮೇಸ್ತ್ರಿಯವರನ್ನು ಕೇಳೋಣ ಅಂತಿದ್ದೀನಿ. ಒಬ್ಬನಿಗೆ ಭಯ, ಯಾರಾದರೂ ಜೊತೆಗೆ ಬನ್ನಿ.