ಫ್ರೆಡರಿಕ್ ವಿನ್ಸ್ಲೋ ಟೇಲರ್

ಫ್ರೆಡರಿಕ್ ವಿನ್ಸ್ಲೋ ಟೇಲರ್ (ಮಾರ್ಚ್ 20, 1856 – ಮಾರ್ಚ್ 21, 1915) ಫಿಲಡೆಲ್ಫಿಯಾದಲ್ಲಿ ಜನಿಸಿದ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್. ಯಂತ್ರಭಾಗಗಳ ತಯಾರಿಕಾ ಕ್ರಮವನ್ನು ಮುಂಚಿತವಾಗಿಯೇ ಬರೆದು ನಿಗದಿಪಡಿಸುವ ಪದ್ಧತಿಯನ್ನು ರೂಪಿಸಿದವರಲ್ಲಿ ಪ್ರಮುಖರು. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಸೇರಿದ ಅವರು, ಮುಂದೆ ಲೋಹ ಕತ್ತರಿಸುವಿಕೆಯನ್ನು ಕುರಿತು ಸುಮಾರು 26 ವರ್ಷ ಪ್ರಯೋಗ ನಡೆಸಿದರು. ವೇಗ ಹೆಚ್ಚಿದಂತೆ ಟೂಲ್‌ನ ಬಾಳಿಕೆ ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಅವರು ನೀಡಿದ ಸಮೀಕರಣ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಹನ್ನೆರಡು ಅಂಶಗಳನ್ನೊಳಗೊಂಡ ಆ ಲೆಕ್ಕವನ್ನು ಸಹೋದ್ಯೋಗಿ ಕಾರ್ಲ್ ಬಾರ್ತ್ ರಚಿಸಿದ ಸ್ಲೈಡ್ ರೂಲ್ ಕ್ಷಿಪ್ರವಾಗಿ ಬಿಡಿಸುತ್ತಿತ್ತು. ಇಂದು ಗಣಕಯಂತ್ರದಿಂದ ನಡೆಯುವ ಪ್ರಕ್ರಿಯಾ ಯೋಜನೆಗೆ ಇದನ್ನು ಪೂರ್ವಜನೆನ್ನಬಹುದು. ಯಾವ ಟೂಲ್, ಎಷ್ಟು ವೇಗ ಎಂಬ ಕೆಲಸಗಾರನ ವಿವೇಚನೆ ಮಾತ್ರ ಯೋಜನಾ ವಿಭಾಗದ ಸೂಚನಾ ಚೀಟಿಗೆ ವರ್ಗಾವಣೆಯಾಯಿತು. ಟೇಲರ್ ಸ್ವತಃ ಯಂತ್ರಾಗಾರದಲ್ಲಿ ಕೆಲಸ ಕಲಿತವರೆಂಬುದು ಗಮನಾರ್ಹ. 1911ರಲ್ಲಿ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಸ್ಟಾಪ್‌ವಾಚ್ ಅಳತೆಯನ್ನು ವಿರೋಧಿಸಿ ಮುಷ್ಕರ ಹೂಡಿದರು. ಮರುವರ್ಷ ಟೇಲರ್ ಅಮೆರಿಕದ ಜನಪ್ರತಿನಿಧಿ ಸಭೆಯ ವಿಶೇಷ ಸಮಿತಿಯ ಮುಂದೆ ಹೇಳಿಕೆ ನೀಡಬೇಕಾಯಿತು.