ಆಲ್‌ಫ್ರೆಡ್ ನೊಬೆಲ್: ಸಿಡಿಮದ್ದೇ ಮದ್ದಾದ ಕಥೆ

ನೊಬೆಲ್ ಬಹುಮಾನದ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಆದರೆ ಅದನ್ನು ಸ್ಥಾಪಿಸಿದ ಆಲ್‌ಫ್ರೆಡ್ ನೊಬೆಲನ ಬಾಳಿನ ಕಥೆಯನ್ನು ಬಲ್ಲವರು ಕಡಮೆ. ಅದನ್ನು ನಾವಿಲ್ಲಿ ಸಂಕ್ಷೇಪವಾಗಿ ತಿಳಿಯೋಣ.

ನೊಬೆಲನು 1833ನೇ ಅಕ್ಟೋಬರ್ 21ರಂದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಜನಿಸಿದನು. ತಂದೆ ಇಮ್ಯಾನುಯೆಲ್ ಜಾಣನಾದ ಇಂಜಿನಿಯರ್. ಆದರೆ ಆ ವರ್ಷವೇ ದಿವಾಳಿಯಾಗಿದ್ದನು. 1842ರಲ್ಲಿ ಕುಟುಂಬವು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಸೇರಿತು. ಅಲ್ಲಿ ಮನೆಪಾಠದಲ್ಲೇ ಕಲಿತ ಬಾಲಕನು ಹದಿನೇಳರ ವಯಸ್ಸಿಗೆ ಐದು ಭಾಷೆಗಳನ್ನು ಬಲ್ಲವನಾದನು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ನಮ್ಮ ಮಕ್ಕಳಿಗೆ ಇದು ಹುರುಪು ತರುವ ಸಂಗತಿ.

ಇಟಲಿಯ ಸೊಬ್ರೆರೊ ಎಂಬ ವಿಜ್ಞಾನಿ 1847ರಲ್ಲಿ ನೈಟ್ರೋಗ್ಲಿಸರಿನ್ ಎಂಬ ದ್ರವವನ್ನು ತಯಾರಿಸಿದ್ದನು. ಸ್ವಲ್ಪ ಅಲುಗಿದರೂ ಅದು ಸಿಡಿಯಬಹುದಾಗಿತ್ತು. ನೊಬೆಲನು ಅದನ್ನು ಪಳಗಿಸಲು ಹೊರಟನು. 1864ರ ಸೆಪ್ಟೆಂಬರ್ 3ರಂದು ಅವರ ಕಾರ್ಖಾನೆ ಸ್ಫೋಟಗೊಂಡು ತಮ್ಮ ಎಮಿಲ್ ಹಾಗೂ ಇತರರು ಸತ್ತರು. ಈ ದುಃಖದಲ್ಲೂ ಧೃತಿಗೆಡದ ನೊಬೆಲನು ದ್ರವವನ್ನು ಒಂದು ಬಗೆಯ ಹಗುರ ಮಣ್ಣಿನಲ್ಲಿ ಹೀರಿಸಿ, ಸುರಕ್ಷಿತವಾಗಿ ಸಾಗಿಸಬಲ್ಲ ಡೈನಮೈಟನ್ನು ಮಾಡಿದನು. 1867ರಲ್ಲಿ ಪೇಟೆಂಟ್ ಪಡೆದನು. ಸುರಂಗ, ಗಣಿ, ಕಾಲುವೆಗಳ ಕೆಲಸ ಸುಲಭವಾಯಿತು, ನೊಬೆಲನು ಕೋಟ್ಯಧೀಶನಾದನು.

ಇತ್ತ ವೈದ್ಯರು ಇದೇ ನೈಟ್ರೋಗ್ಲಿಸರಿನ್ ಅತ್ಯಲ್ಪ ಪ್ರಮಾಣದಲ್ಲಿ ಹೃದಯದ ನೋವನ್ನು ಶಮನಗೊಳಿಸುವುದನ್ನು ಕಂಡುಕೊಂಡಿದ್ದರು. ಮುಪ್ಪಿನಲ್ಲಿ ಹೃದ್ರೋಗಿಯಾದ ನೊಬೆಲನಿಗೂ ವೈದ್ಯರು ಸೂಚಿಸಿದ್ದು ಅದನ್ನೇ! ವಿಧಿಯ ವಿನೋದವೆಂದರೆ ಇದೇ ಅಲ್ಲವೆ? 1895ರಲ್ಲಿ ತನ್ನ ಆಸ್ತಿಯ ಬಹುಭಾಗವನ್ನು ಬಹುಮಾನಗಳಿಗೆಂದು ಉಯಿಲು ಬರೆದ ಆತನು 1896ನೇ ಡಿಸೆಂಬರ್ 10ರಂದು ಇಟಲಿಯ ಸಾನ್ ರೆಮೊದಲ್ಲಿ ತೀರಿಕೊಂಡನು. 1901ರಿಂದ ಬಹುಮಾನಗಳು ಆರಂಭವಾದವು.

ಆ ಮದ್ದು ಹೇಗೆ ಕೆಲಸ ಮಾಡುತ್ತದೆ? ಉತ್ತರ ಸಿಕ್ಕಿದ್ದು ಬಹುಕಾಲದ ನಂತರ. ಅದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತದೆಂದು 1977ರಲ್ಲಿ ಮುರಾದ್ ತೋರಿಸಿದರು. ರಕ್ತನಾಳದ ಒಳಪದರವೇ ನಾಳವನ್ನು ಸಡಿಲಿಸುವ ಒಂದು ವಸ್ತುವನ್ನು ಹೊರಸೂಸುತ್ತದೆಂದು 1980ರಲ್ಲಿ ಫರ್ಚ್‌ಗಾಟ್ ಕಂಡುಹಿಡಿದರು. ಅದೂ ನೈಟ್ರಿಕ್ ಆಕ್ಸೈಡೇ ಎಂದು ಅವರೂ ಇಗ್ನಾರೊ ಅವರೂ ಬೇರೆಬೇರೆಯಾಗಿ 1986ರಲ್ಲಿ ತೀರ್ಮಾನಿಸಿದರು. ಈ ಮೂವರಿಗೂ 1998ರಲ್ಲಿ ದೊರೆತದ್ದು ನೊಬೆಲ್ ಬಹುಮಾನವೇ!

ಪೋಷಕರು ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಸಕ್ಕರೆ ಕಾಯಿಲೆಯಲ್ಲಿ ರಕ್ತದ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ನಾಳದ ಒಳಪದರ ಕೆಡುತ್ತದೆ. ನೈಟ್ರಿಕ್ ಆಕ್ಸೈಡ್ ಉತ್ಪತ್ತಿ ತಗ್ಗುತ್ತದೆ. ಉತ್ಪತ್ತಿಯಾದದ್ದೂ ಬೇಗ ನಾಶವಾಗುತ್ತದೆ. ನಾಳಗಳು ಬೇಕಾದಾಗ ಹಿಗ್ಗುವುದಿಲ್ಲ. ಹೃದಯ, ಕಣ್ಣು, ಮೂತ್ರಪಿಂಡ, ಪಾದಗಳಿಗೆ ತೊಂದರೆ ತಟ್ಟಲು ಇದೂ ಒಂದು ಕಾರಣ. ನೋವಿಲ್ಲವೆಂದು ಉದಾಸೀನ ಮಾಡದೆ, ವೈದ್ಯರು ಹೇಳಿದ ಪಥ್ಯ, ಔಷಧ, ನಡಿಗೆಗಳನ್ನು ತಪ್ಪದೆ ಪಾಲಿಸಬೇಕು. ಮನೆಯ ಹಿರಿಯರಿಗೆ ಇದನ್ನು ನೆನಪಿಸುವ ಕೆಲಸ ಮಕ್ಕಳದು.

ಒಂದೇ ವಸ್ತು ಕೊಲ್ಲಲೂಬಹುದು, ಕಾಯಲೂಬಹುದು. ಅದನ್ನು ಬಳಸುವ ಬುದ್ಧಿಯನ್ನು ಕೊಡುವುದೇ ವಿದ್ಯೆ ಎಂಬುದನ್ನು ನೊಬೆಲನ ಬಾಳು ನಮಗೆ ತಿಳಿಸುತ್ತದೆ.