ಗೀಜಗನ ಅರ್ಧಗೂಡು ಮತ್ತು ಸಲೀಂ ಅಲಿ

ಮುಂಗಾರು ಕಾಲೂರಿದ ಬಳಿಕ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೋಟದ ಬಾವಿಗಳ ಮೇಲೆ ಬಾಗಿದ ತೆಂಗಿನ ಗರಿಗಳಲ್ಲಿ, ಹಳ್ಳದ ಅಂಚಿನ ಈಚಲು ಮರಗಳಲ್ಲಿ ತೂಗಾಡುವ ಗೀಜಗನ ಗೂಡುಗಳನ್ನು ಕಾಣದವರು ವಿರಳ. ಒಂದೇ ಮರದಲ್ಲಿ ಕೆಲವು ಗೂಡುಗಳು ಉದ್ದನೆಯ ಕೊಳವೆಯೊಡನೆ ಪೂರ್ಣಗೊಂಡಿರುತ್ತವೆ. ಇನ್ನು ಕೆಲವು ಬೋರಲು ಹಾಕಿದ ಪುಟ್ಟ ಬುಟ್ಟಿಯಂತೆ ಅರ್ಧಕ್ಕೇ ನಿಂತಿರುತ್ತವೆ. ಈ ಅರ್ಧಗೂಡು ಗಂಡುಹಕ್ಕಿಯ ಉಯ್ಯಾಲೆ ಎಂಬ ನಂಬಿಕೆ ದೇಶದ ಹಲವೆಡೆ ಇತ್ತು. ಅದರ ಒಳಗುಟ್ಟನ್ನು 1930ರಲ್ಲಿ ಬಿಡಿಸಿದವರು ಸಲೀಂ ಅಲಿ. ಆಗ ಅವರಿಗೆ ಉದ್ಯೋಗವೇ ಇರಲಿಲ್ಲ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಸಲೀಂ ಅಲಿ ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಬಾಲಕನಿದ್ದಾಗ ಆಟದ ಬಂದೂಕಿನಿಂದ ಹೊಡೆದುರುಳಿಸಿದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಬಣ್ಣದ ಮಚ್ಚೆಯಿತ್ತು. ಅದೇನೆಂದು ತಿಳಿಯಲು ಮುಂಬಯಿ ನಿಸರ್ಗ ಇತಿಹಾಸ ಸಂಘದ ಕಾರ್ಯದರ್ಶಿ ಮಿಲರ್ಡ್ ಅವರ ಬಳಿಗೆ ಹೋದ ಹುಡುಗನಿಗೆ, ಅಲ್ಲಿದ್ದ ಹಕ್ಕಿಗಳ ಸಂಗ್ರಹ ಹೊಸದೊಂದು ಲೋಕವನ್ನೇ ತೆರೆಯಿತು.

ಆದರೆ ಆ ಲೋಕದಲ್ಲಿ ಅನ್ನದ ದಾರಿ ಸುಲಭವಾಗಿರಲಿಲ್ಲ. ಬರ್ಮಾದ ತವಾಯ್‌ನಲ್ಲಿ ಕುಟುಂಬದ ವ್ಯವಹಾರ ನೋಡಿಕೊಂಡು ಬಂದದ್ದಾಯಿತು. ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಪಕ್ಷಿತಜ್ಞರ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿ ಉಪನ್ಯಾಸಕರಾಗಿ ಸೇರಿ, ಬಳಿಕ ಬರ್ಲಿನ್ನಿಗೆ ತೆರಳಿ ಎರ್ವಿನ್ ಸ್ಟ್ರೆಸೆಮನ್ ಅವರ ಕೈಕೆಳಗೆ ಅಭ್ಯಾಸ ಮಾಡಿ 1930ರಲ್ಲಿ ಮರಳಿದಾಗ, ಹಣದ ಕೊರತೆಯಿಂದ ಆ ಹುದ್ದೆಯೂ ಇಲ್ಲವಾಗಿತ್ತು. ಪತ್ನಿ ತೆಹ್ಮಿನಾ ಅವರೊಡನೆ ಅವರು ಅಲಿಬಾಗ್ ಸಮೀಪದ ಕಡಲತೀರದ ಹಳ್ಳಿ ಕಿಹಿಮ್‌ನಲ್ಲಿ ನೆಲೆಸಿದರು.

ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಮರೆಯಲ್ಲಿ ಕುಳಿತು ದಿನಗಟ್ಟಲೆ ನೋಡಿದ ಅವರಿಗೆ ಕಂಡದ್ದು ಇದು: ಗೂಡು ಕಟ್ಟುವುದು ಗಂಡು. ಹುಲ್ಲು ಮತ್ತು ಗರಿಯ ಎಳೆಗಳನ್ನು ಸೀಳಿ ತಂದು ಅರ್ಧದಷ್ಟು ಹೆಣೆದ ಮೇಲೆ ಅದು ರೆಕ್ಕೆ ಬಡಿದು ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಗೂಡಿನೊಳಗೆ ಕುಳಿತು ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಮಾತ್ರ ಗಂಡು ಕೊಳವೆಯನ್ನು ಹೆಣೆದು ಮುಗಿಸುತ್ತದೆ. ಒಪ್ಪಿಗೆಯಾಗದ ಗೂಡು ಅರ್ಧಕ್ಕೇ ಉಳಿಯುತ್ತದೆ. ಇಷ್ಟಕ್ಕೇ ಕಥೆ ಮುಗಿಯದು. ಹೆಣ್ಣು ಮೊಟ್ಟೆಯಿಟ್ಟು ಕಾವು ಕೂರುತ್ತಿದ್ದಂತೆ ಗಂಡು ಮತ್ತೊಂದು ಗೂಡಿಗೆ ಕೈಹಾಕಿ ಮತ್ತೊಂದು ಹೆಣ್ಣನ್ನು ಕರೆಯತೊಡಗುತ್ತದೆ! ನಮ್ಮ ಜನಪದರ ಉಯ್ಯಾಲೆಯ ಕಲ್ಪನೆ ಸೊಗಸಾದುದೇ, ಆದರೆ ನಿಜಸಂಗತಿ ಅದಕ್ಕಿಂತ ಸ್ವಾರಸ್ಯಕರ. 1931ರಲ್ಲಿ ಪ್ರಕಟವಾದ ಈ ಅಧ್ಯಯನವು ಅವರಿಗೆ ವಿದ್ವತ್ ವಲಯದಲ್ಲಿ ಹೆಸರು ತಂದಿತು.

ಹೆಸರು ಬಂದರೂ ಸಂಬಳ ಬರಲಿಲ್ಲ. ಶಿಬಿರದ ಹಾಗೂ ಪ್ರಯಾಣದ ವೆಚ್ಚ ಕೊಟ್ಟರೆ ಸಾಕು, ದುಡಿಮೆಗೆ ಕೂಲಿ ಬೇಡವೆಂದು ಅವರು ದೇಶೀ ಸಂಸ್ಥಾನಗಳ ಮುಂದೆ ಸಲಹೆಯಿಟ್ಟರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿಗಳ ಪಕ್ಷಿ ಸಮೀಕ್ಷೆಗಳು ನಡೆದದ್ದು ಹೀಗೆ. ಈ ಶಿಬಿರಗಳಲ್ಲಿ ಜೊತೆಗಿದ್ದ ತೆಹ್ಮಿನಾ 1939ರಲ್ಲಿ ಶಸ್ತ್ರಚಿಕಿತ್ಸೆಯೊಂದರ ಬಳಿಕ ತೀರಿಕೊಂಡರು. ಆ ದುಃಖ ಆರುವ ಮುನ್ನವೇ, 1939-40ರಲ್ಲಿ, ಸಲೀಂ ಅಲಿ ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು.

ಅಂದಿನ ಸಮೀಕ್ಷೆಯೆಂದರೆ ಹಕ್ಕಿಗಳನ್ನು ಹೊಡೆದು ಚರ್ಮವನ್ನು ಕಾಪಿಡುವ ಕೆಲಸವೂ ಹೌದು. ಇಂದಿನ ಓದುಗರಿಗೆ ಇದು ಕಸಿವಿಸಿ ತರಬಹುದು. ಆದರೆ ಯಾವ ಹಕ್ಕಿ ಎಲ್ಲಿತ್ತು ಎಂಬ ಪ್ರಶ್ನೆಗೆ ಖಚಿತವಾದ ಉತ್ತರ ಉಳಿದಿರುವುದೂ ಅದರಿಂದಲೇ. 1942-43ರಲ್ಲಿ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ ಮೈಸೂರಿನ ಹಕ್ಕಿಗಳ ಆ ವರದಿ ಇಂದಿಗೂ ಹೋಲಿಕೆಯ ಅಳತೆಗೋಲು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳನ್ನು ಕಂಡು ಅವರು ಅರಸರಿಗೆ ಸಲಹೆ ನೀಡಿದ್ದರ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಎಲ್ಲ ಹಕ್ಕಿಗೂ ಆ ಅದೃಷ್ಟವಿರಲಿಲ್ಲ. ರಾಷ್ಟ್ರಪಕ್ಷಿಯಾಗಬೇಕೆಂದು ಅವರು ಬಯಸಿದ್ದ ಎರೆಭೂತ, ಬಯಲುಸೀಮೆಯ ಹುಲ್ಲುಗಾವಲುಗಳು ಅಳಿದಂತೆ ನಾಡಿನಲ್ಲಿ ಬೆರಳೆಣಿಕೆಗೆ ಇಳಿದಿದೆ.

1941ರ ಭಾರತೀಯ ಹಕ್ಕಿಗಳ ಪುಸ್ತಕ, ಡಿಲ್ಲನ್ ರಿಪ್ಲೆಯವರೊಡನೆ ರಚಿಸಿದ ಹತ್ತು ಸಂಪುಟಗಳ ಕೈಪಿಡಿ, 1976ರ ಪದ್ಮವಿಭೂಷಣ, 1985ರ ರಾಜ್ಯಸಭಾ ನಾಮಕರಣ ಇವೆಲ್ಲ ಸರ್ವವಿದಿತ. 1987ರ ಜೂನ್ 20ರಂದು, ತೊಂಬತ್ತರ ವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ನಿಧನರಾದರು.

ಕಲ್ಪತರು ನಾಡಿನವರಾದ ನಮಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಹತ್ತಿರವಾದುದು ಕಿಹಿಮ್‌ನ ಆ ಒಂದು ಮಳೆಗಾಲ. ಗೀಜಗನಿಗೆ ಗೂಡಿನ ಎಳೆಗೆ ಭತ್ತದ ಗರಿ, ಹುಲ್ಲು, ತೆಂಗು ಈಚಲುಗಳ ಗರಿ ಬೇಕು. ಹೊಟ್ಟೆಗೆ ಕಾಳು ಬೇಕು. ಕೆರೆ ಹಿಂದಿನ ಗದ್ದೆಗಳೂ ಹೊಲಗಳೂ ತೋಟವಾದ ಕಡೆ ತೆಂಗಿನ ಗರಿಯೇನೋ ಹೇರಳ, ಕಾಳು ಮಾತ್ರ ವಿರಳ. ಮಲ್ಲಾಘಟ್ಟ ಕೆರೆಯ ಆಸುಪಾಸಿನಲ್ಲಾಗಲಿ, ಬೋರನಕಣಿವೆಯ ಹಿನ್ನೀರಿನ ಅಂಚಿನಲ್ಲಾಗಲಿ ಒಂದು ಮರದ ಪೂರ್ಣಗೂಡುಗಳೆಷ್ಟು, ಅರ್ಧಗೂಡುಗಳೆಷ್ಟು ಎಂದು ವರ್ಷವರ್ಷವೂ ಎಣಿಸಿ ಬರೆದಿಡಲು ಪದವಿ ಬೇಕಿಲ್ಲ, ಬಂದೂಕಂತೂ ಬೇಡ. ಶಾಲೆಯ ಹುಡುಗರೂ ಮಾಡಬಹುದಾದ ಕೆಲಸವದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಹದವಾದ ಕಾಲ.